ಮಳೆ ಬಂದರೆ ಮಿಸ್ಸಿಂಗ್, ಬಿಸಿಲು ಬಂದರೆ ಸರಿ: ಪ್ಲಗ್ ವೈರ್ ಬದಲಿಸುವುದು ಯಾವಾಗ?

ಉಜಿರೆಯಲ್ಲಿ ಚಹಾ ಕುಡಿದು ಹೊರಟಾಗ ಗಾಡಿ ಚೆನ್ನಾಗಿಯೇ ಇತ್ತು. ಚಾರ್ಮಾಡಿ ಘಾಟಿ ಹತ್ತುವಾಗ ಜೋರು ಮಳೆ ಹಿಡಿಯಿತು ನೋಡಿ, ಇಂಜಿನ್ ಕೆಮ್ಮಲು ಶುರು, ಗ್ಯಾರೇಜಿನವರು ಮಿಸ್ಸಿಂಗ್ ಅನ್ನುವುದು ಇದನ್ನೇ. ಸೆಕೆಂಡ್ ಗೇರಿನಲ್ಲೂ ಎಳೆಯುತ್ತಿಲ್ಲ, ಆಕ್ಸಿಲರೇಟರ್ ಒತ್ತಿದಷ್ಟೂ ಜರ್ಕ್. ಹೇಗೋ ತೆವಳಿಕೊಂಡು ಕೊಟ್ಟಿಗೆಹಾರ ಮುಟ್ಟಿದೆವು. ಎರಡು ದಿನ ಬಿಟ್ಟು ಒಳ್ಳೆ ಬಿಸಿಲಲ್ಲಿ ಗ್ಯಾರೇಜಿಗೆ ಒಯ್ದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತಿದೆ! ಕಾರ್ಬುರೇಟರ್ ಕ್ಲೀನ್ ಮಾಡಿ ದುಡ್ಡು ತಗೊಂಡರು. ಮುಂದಿನ ಮಳೆಗೆ ಮತ್ತೆ ಅದೇ ಕತೆ. ತಪ್ಪು ಪೆಟ್ರೋಲಿನದ್ದೂ ಅಲ್ಲ, ಕಾರ್ಬುರೇಟರಿನದ್ದೂ ಅಲ್ಲ, ಹಳೆಯದಾಗಿದ್ದ ಪ್ಲಗ್ ವೈರಿನದ್ದು, ಅಂದರೆ ಪೆಟ್ರೋಲ್ ಹೊತ್ತಿಸಲು ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟು ಒಯ್ಯುವ ವೈರಿನದ್ದು.

ಮೊದಲು ನಿಮ್ಮ ಗಾಡಿಯಲ್ಲಿ ಈ ವೈರ್ ಇದೆಯಾ ನೋಡಿಕೊಳ್ಳಿ. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಒಂದೊಂದು ಪ್ಲಗ್ಗಿನ ತಲೆ ಮೇಲೇ ವೋಲ್ಟೇಜ್ ಏರಿಸುವ ಒಂದೊಂದು ಕಾಯಿಲ್ ಕೂತಿರುತ್ತದೆ, ವೈರಿನ ತಾಪತ್ರಯವಿಲ್ಲ. ಹಳೆಯ ಮಾರುತಿ 800, ಓಮ್ನಿ, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್ ಇಟ್ಟುಕೊಂಡವರಿಗೆ ಇದು ಬೇಕಾದ ವಿಷಯ. ಬಾನೆಟ್ ತೆಗೆದರೆ, ಸರದಿಯಂತೆ ಒಂದೊಂದು ಪ್ಲಗ್ಗಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನಿಂದ, ಅಂದರೆ ಗ್ಯಾರೇಜಿನವರು ಡೆಲ್ಕೋ ಅನ್ನುತ್ತಾರಲ್ಲ ಅದರಿಂದ, ದಪ್ಪ ವೈರುಗಳು ಪ್ಲಗ್ಗುಗಳಿಗೆ ಹೋಗಿರುತ್ತವೆ. ಮಧ್ಯದಿಂದ ಕಾಯಿಲಿಗೆ ಇನ್ನೊಂದು. ಮೂರು ಸಿಲಿಂಡರ್ ಗಾಡಿಗೆ ಪ್ಲಗ್ಗಿಗೆ ಮೂರು, ನಾಲ್ಕು ಸಿಲಿಂಡರಿಗೆ ನಾಲ್ಕು.

ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ 20 ಸಾವಿರ ವೋಲ್ಟಿನ ಸುಮಾರಿಗೆ ಏರಿಸಿ ಈ ವೈರಿಗೆ ಕೊಡುತ್ತದೆ. ಅಷ್ಟು ವೋಲ್ಟಿನ ಕರೆಂಟು ಎಲ್ಲಿ ಸುಲಭದ ದಾರಿ ಸಿಕ್ಕಿದರೆ ಅಲ್ಲಿ ಹಾರುತ್ತದೆ. ವರ್ಷಗಟ್ಟಲೆ ಇಂಜಿನ್ ಬಿಸಿಗೆ ಬೆಂದು ಮೇಲಿನ ರಬ್ಬರ್ ಗಟ್ಟಿಯಾಗಿ, ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು. ಒಣಗಿದ್ದಾಗ ಹೇಗೋ ನಡೆಯುತ್ತದೆ. ತೇವ ಸೇರಿತೋ, ಪ್ಲಗ್ಗಿಗೆ ಹೋಗಬೇಕಾದ ಕಿಡಿ ಇಂಜಿನ್ನಿನ ಮೈಗೆ ಹಾರುತ್ತದೆ. ಘಾಟಿ ಹತ್ತುವಾಗ ಜಾಸ್ತಿ ಕಾಣಿಸುವುದೂ ಇದಕ್ಕೇ. ಇಂಜಿನ್ ಮೇಲೆ ಭಾರ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿ, ಕಿಡಿ ಹಾರಿಸಲು ವೋಲ್ಟೇಜೂ ಜಾಸ್ತಿ ಬೇಕು, ಆಗ ಬಿರುಕಿನ ದಾರಿಯೇ ಅದಕ್ಕೆ ಹತ್ತಿರವಾಗುತ್ತದೆ.

ಐಡ್ಲಿಂಗಿನಲ್ಲಿ ಗಾಡಿ ಕುಲುಕುವುದು, ಬೆಳಗ್ಗೆ ಸ್ಟಾರ್ಟಿಗೆ ಸತಾಯಿಸುವುದು, ಪಿಕಪ್ ಬೀಳುವುದು, ಮೈಲೇಜ್ ಇಳಿಯುವುದು, ಹೊಗೆಯಲ್ಲಿ ಹಸಿ ಪೆಟ್ರೋಲ್ ವಾಸನೆ, ರೇಡಿಯೋದಲ್ಲಿ ಇಂಜಿನ್ ಸ್ಪೀಡಿಗೆ ತಕ್ಕ ಹಾಗೆ ಚರಚರ ಸದ್ದು. ಇವೆಲ್ಲ ಲಕ್ಷಣಗಳೇ. ಆದರೆ ಹೆಚ್ಚಿನವು ಕೆಟ್ಟ ಪ್ಲಗ್ಗಿಗೂ, ಬಿರುಕು ಬಿಟ್ಟ ಡೆಲ್ಕೋ ಕ್ಯಾಪಿಗೂ ಬರುತ್ತವೆ. ಹಾಗಾಗಿ ಸುಮ್ನೆ ಊಹೆಯ ಮೇಲೆ ವೈರ್ ಕೊಳ್ಳಬೇಡಿ.

ನನಗೆ ಅತಿ ಇಷ್ಟದ ಪರೀಕ್ಷೆ ಕತ್ತಲೆಯದ್ದು. ರಾತ್ರಿ, ಬೀದಿ ದೀಪವೂ ಬೀಳದ ಬಯಲು ಜಾಗದಲ್ಲಿ ಗಾಡಿ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ. ಟಾರ್ಚ್, ಮೊಬೈಲ್ ಎಲ್ಲ ಆಫ್. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ವೈರುಗಳ ಮೇಲೆ ಮಂಜಿನ ಹಾಗೆ ಒಂದೆರಡು ಸಲ ನೀರು ಹೊಡೆಯಿರಿ, ಸುರಿಯುವುದು ಬೇಡ. ವೈರ್ ಹಾಳಾಗಿದ್ದರೆ ಚಿಟ್ ಚಿಟ್ ಸದ್ದಿನ ಜತೆ ಸಣ್ಣ ನೀಲಿ ಕಿಡಿಗಳು ಕಾಣುತ್ತವೆ, ಅದೇ ಗಳಿಗೆಗೆ ಇಂಜಿನ್ ಮುಗ್ಗರಿಸುತ್ತದೆ. ನಮ್ಮ ಗಾಡಿಯಲ್ಲಿ ಮಧ್ಯದ ಪ್ಲಗ್ಗಿನ ರಬ್ಬರ್ ಕ್ಯಾಪ್ ಸುತ್ತ ನೀಲಿ ಬಳೆಯೇ ಹೊಳೆಯುತ್ತಿತ್ತು! ಪೆಟ್ರೋಲ್ ವಾಸನೆ ಇದ್ದರೆ ಮಾತ್ರ ಈ ಪರೀಕ್ಷೆ ಬೇಡವೇ ಬೇಡ. ಓಡುತ್ತಿರುವ ಇಂಜಿನ್ನಿನ ವೈರಿಗೆ ಕೈ ಹಾಕಬೇಡಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಹತ್ತಿರವೂ ಬರಬಾರದು.

ಕಿಡಿ ಕಾಣಲಿಲ್ಲ ಅಂದ ಮಾತ್ರಕ್ಕೆ ವೈರ್ ಚೆನ್ನಾಗಿದೆ ಅಂತಲ್ಲ, ಒಳಗಿನ ಎಳೆ ತುಂಡಾಗಿರಬಹುದು. ಇಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಒಂದೊಂದೇ ವೈರ್ ಬಿಚ್ಚಿ. ವೈರ್ ಹಿಡಿದು ಎಳೆದರೆ ಒಳಗಿನ ಎಳೆ ಅಲ್ಲೇ ಕಿತ್ತು ಹೋಗುತ್ತದೆ, ತುದಿಯ ರಬ್ಬರ್ ಕ್ಯಾಪ್ ಹಿಡಿದು ಸ್ವಲ್ಪ ತಿರುಚಿ ಎಳೆಯಬೇಕು. ಬೆರಳಲ್ಲಿ ಮಡಚಿ ನೋಡಿ. ಬಿರುಕು, ಸುಟ್ಟ ಕಲೆ, ಆಯಿಲ್ ಕುಡಿದು ಉಬ್ಬಿದ ಕ್ಯಾಪ್, ಒಳಗಿನ ಲೋಹಕ್ಕೆ ಹಸಿರು ಕಿಲುಬು ಕಂಡರೆ ಮುಂದೆ ಅಳೆಯುವುದೇ ಬೇಕಿಲ್ಲ, ಬದಲಿಸಿ. ಚೆನ್ನಾಗಿ ಕಂಡರೆ ಮಲ್ಟಿಮೀಟರ್ ಓಮ್ಸಿಗೆ, ಅಂದರೆ ರೆಸಿಸ್ಟೆನ್ಸ್ ಅಳೆಯುವ ಜಾಗಕ್ಕೆ ಇಟ್ಟು ಎರಡೂ ತುದಿಗೆ ಮುಟ್ಟಿಸಿ. ಕಾರ್ಬನ್ ಎಳೆಯ ವೈರಿನಲ್ಲಿ ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್ಸ್ ತೋರಿಸುವುದು ಸಹಜ. ಉದ್ದದ ವೈರಿಗೆ ಜಾಸ್ತಿ, ಗಿಡ್ಡದ್ದಕ್ಕೆ ಕಮ್ಮಿ. ಈ ಲೆಕ್ಕ ತಪ್ಪಿ ಒಂದೇ ವೈರ್ ಉಳಿದವಕ್ಕಿಂತ ಎಷ್ಟೋ ಪಟ್ಟು ಏರಿದ್ದರೆ, ಅಥವಾ ವೈರ್ ಅಲ್ಲಾಡಿಸಿದಾಗ ಅಂಕಿ ಕುಣಿದರೆ ಅದು ಹೋದಂತೆಯೇ. ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಸರಿಯಾದ ಮಿತಿ ಗಾಡಿಯ ಸರ್ವಿಸ್ ಮ್ಯಾನುಯಲ್ಲಿನಲ್ಲಿ ಇರುತ್ತದೆ.

ಇನ್ನೊಂದು, ಇಲಿ. ತೋಟದ ಮನೆಯಲ್ಲಿ ಗಾಡಿ ನಿಲ್ಲಿಸುವವರಿಗೆ ಬೇರೆ ಹೇಳಬೇಕಾ? ಹೊಸ ವೈರೇ ಆದರೂ ಹಲ್ಲಿನ ಗುರುತು ಬಿದ್ದಿದ್ದರೆ ಟೇಪ್ ಸುತ್ತಿ ಸಮಾಧಾನ ಮಾಡಿಕೊಳ್ಳಬೇಡಿ, ಅಷ್ಟು ವೋಲ್ಟಿಗೆ ಆ ಟೇಪ್ ಯಾವ ಲೆಕ್ಕಕ್ಕೂ ಇಲ್ಲ.

ಬದಲಿಸುವುದಾದರೆ ಪೂರ್ತಿ ಸೆಟ್ ಬದಲಿಸಿ. ಒಂದು ಹೋಗಿದೆ ಅಂದರೆ ಅದರ ಜತೆಯವೂ ಅಷ್ಟೇ ಬಿಸಿ ತಿಂದಿವೆ, ಅಲ್ವಾ? ಮೊದಲೇ ಒಂದು ಫೋಟೋ ತೆಗೆದಿಟ್ಟುಕೊಂಡು, ಒಂದು ಬಿಚ್ಚಿ, ಅಷ್ಟೇ ಉದ್ದದ್ದು ಅದೇ ಜಾಗಕ್ಕೆ ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಎಲ್ಲ ಒಟ್ಟಿಗೆ ಕಿತ್ತು ಅದಲು ಬದಲಾದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ, ಇಲ್ಲವೇ ಪಟಾಕಿ ಹೊಡೆದ ಹಾಗೆ ಸಿಡಿಯುತ್ತದೆ. ಟಕ್ ಅಂತ ಕೂತ ಸದ್ದು ಬರುವವರೆಗೆ ಒತ್ತಿ. ಸೈಲೆನ್ಸರಿನ ಬಿಸಿ ಪೈಪಿಗೆ ತಾಗದಂತೆ ಹಳೆಯ ಕ್ಲಿಪ್ಪುಗಳಲ್ಲೇ ಕೂರಿಸಿ.

ಹಳೆಯ ಸೆಟ್ಟಿನಲ್ಲಿ ಮೀಟರಿಗೆ ಸರಿ ಕಂಡ, ಅತಿ ಉದ್ದದ ವೈರೊಂದನ್ನು ಮಾತ್ರ ಬಿಸಾಡಬೇಡಿ. ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಡಿ. ದಾರಿ ಮಧ್ಯೆ ಯಾವ ಸಿಲಿಂಡರಿನದ್ದು ಕೈಕೊಟ್ಟರೂ ಅದು ಮುಟ್ಟುತ್ತದೆ, ಮನೆ ಸೇರಲು ಸಾಕು.