ಡಿಶ್‌ಗೆ ಅರ್ಥಿಂಗ್: ಒಂಟಿ ರಾಡ್ ನೆಟ್ಟು ಕೈ ತೊಳೆದುಕೊಳ್ಳಬೇಡಿ

ಛಾವಣಿ ಮೇಲೆ ಸ್ಯಾಟಲೈಟ್ ಇಂಟರ್ನೆಟ್ ಡಿಶ್ ಕೂರಿಸುತ್ತಾರೆ. ಕಂಬದ ಬುಡಕ್ಕೆ ಒಂದು ಹಸಿರು ವೈರ್ ಸುತ್ತುತ್ತಾರೆ. ಅದರ ಇನ್ನೊಂದು ತುದಿಯನ್ನು ಮನೆ ಹಿಂದೆ ನೆಟ್ಟ ರಾಡಿಗೆ ಕಟ್ಟಿ, ‘ಅರ್ಥಿಂಗ್ ಆಯ್ತು’ ಎನ್ನುತ್ತಾರೆ. ಹೀಗೆ ಮಾಡಿದ ಒಂದು ಮನೆಯಲ್ಲಿ ಸಿಡಿಲು ಬಿದ್ದದ್ದು ಪಕ್ಕದ ಮರಕ್ಕೆ, ಸುಟ್ಟುಹೋದದ್ದು ಇವರ ರೂಟರ್ ಮತ್ತು ಅಡಾಪ್ಟರ್. ಹೊಸ ರಾಡ್ ಮಾತ್ರ ಹೊಳೆಯುತ್ತಾ ನಿಂತಿತ್ತು. ನಾನೇ ಹೋಗಿ ನೋಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಡಿಲು ನೇರವಾಗಿ ಡಿಶ್‌ಗೇ ಹೊಡೆದರೆ ಅದನ್ನು ಯಾವ ಅರ್ಥಿಂಗೂ ಉಳಿಸುವುದಿಲ್ಲ. ಆಗ ಬೆಂಕಿ ಹತ್ತುವ, ಜನರಿಗೆ ಶಾಕ್ ಹೊಡೆಯುವ ಅಪಾಯವನ್ನು ತಗ್ಗಿಸುವುದಷ್ಟೇ ಅದರ ಕೆಲಸ. ಅಕ್ಕಪಕ್ಕ ಸಿಡಿಲು ಬಿದ್ದಾಗ ಕೇಬಲ್‌ಗೆ ನುಗ್ಗುವ ಕರೆಂಟಿಗೆ ಅದು ದಾರಿ ಕೊಡುತ್ತದೆ. ಕಂಬದಲ್ಲಿ ಸೇರುವ ಸ್ಟ್ಯಾಟಿಕ್ ಚಾರ್ಜನ್ನೂ ಇಳಿಸುತ್ತದೆ.

1. ಜಾಗ ಮತ್ತು ವೈರ್

ಡಿಶ್ ಛಾವಣಿಯ ಅಂಚಿಗಿಂತ 2 ಮೀಟರಿಗೂ ಕೆಳಗಿದ್ದು, ಗೋಡೆಯಿಂದ 1.5 ಮೀಟರಿನೊಳಗೇ ಇದ್ದರೆ ಕಂಬಕ್ಕೆ ಸಿಡಿಲಿನ ಅರ್ಥಿಂಗ್ ಬೇಡ ಎನ್ನುತ್ತದೆ ಐಇಸಿ (ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ) 60728-11 ಮಾನದಂಡ. ಆದರೆ ಕೆಳಕಕ್ಷೆಯ ಉಪಗ್ರಹಗಳನ್ನು ಹುಡುಕುವ ಡಿಶ್‌ಗೆ ವಿಶಾಲ ಆಕಾಶ ಬೇಕು. ಹಾಗಾಗಿ ಅದು ಮೇಲೇ ಹೋಗುತ್ತದೆ, ಅರ್ಥಿಂಗೂ ಬೇಕಾಗುತ್ತದೆ.

ವೈರ್ ತಾಮ್ರದ್ದೇ ಇರಲಿ, ಕನಿಷ್ಠ 16 ಚದರ ಮಿಲಿಮೀಟರ್. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ ವೈರ್ ಅಗ್ಗಕ್ಕೆ ಸಿಗುತ್ತದೆ, ನೋಡಲೂ ತಾಮ್ರದ ಹಾಗೇ ಇರುತ್ತದೆ. ಚಾಕುವಿನಿಂದ ಒಮ್ಮೆ ಗೀಚಿ ನೋಡಿ. ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಟ್ಟುಬಿಡಿ.

2. ಕಂಬಕ್ಕೆ ಜೋಡಿಸುವುದು

ಕ್ಲಾಂಪ್ ಕೂರುವ ಕಡೆ ಬಣ್ಣವನ್ನು ಲೋಹ ಹೊಳೆಯುವ ತನಕ ಕೆರೆಯಿರಿ. ಬಣ್ಣದ ಮೇಲೇ ಬಿಗಿದ ಕ್ಲಾಂಪ್ ಸುಮ್ನೆ ಅಲಂಕಾರಕ್ಕೆ. ಸತುವಿನ ಲೇಪದ ಕಂಬಕ್ಕೆ ಬರಿ ತಾಮ್ರ ತಾಗಿದರೆ ಮಳೆನೀರಿನಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಅದಕ್ಕೆ ವೈರಿನ ತುದಿಗೆ ತವರದ ಲೇಪದ ಲಗ್ (ಬೋಲ್ಟಿಗೆ ಬಿಗಿಯುವ ಲೋಹದ ತುದಿ) ಹಾಕಿ.

3. ವೈರ್ ಇಳಿಸುವುದು

ಮನೆಯ ಹೊರಗಿನಿಂದ, ಆದಷ್ಟು ನೇರವಾಗಿ ಇಳಿಸಿ. ಉಳಿದ ವೈರನ್ನು ಸುರುಳಿ ಸುತ್ತಿ ಇಡಬೇಡಿ, ಕತ್ತರಿಸಿ. ತಿರುಗಿಸಲೇಬೇಕಾದ ಕಡೆ 20 ಸೆಂಟಿಮೀಟರ್ ತ್ರಿಜ್ಯದ ದೊಡ್ಡ ತಿರುವು ಕೊಡಿ. ಸಿಡಿಲಿನ ಕರೆಂಟ್ ಕ್ಷಣಾರ್ಧದಲ್ಲಿ ಏರುತ್ತದೆ, ಚೂಪು ತಿರುವು ಸಿಕ್ಕರೆ ವೈರ್ ಬಿಟ್ಟು ಪಕ್ಕಕ್ಕೆ ಹಾರಬಹುದು.

4. ಎಲ್ಲರೂ ಎಡವುವ ಜಾಗ

ಡಿಶ್‌ಗೆಂದು ನೆಟ್ಟ ಹೊಸ ರಾಡ್ ಒಂದು ಕಡೆ. ಮನೆಯ ಮೇನ್ ಬೋರ್ಡಿನ ಹಳೆ ಅರ್ಥಿಂಗ್ ಇನ್ನೊಂದು ಕಡೆ. ಎರಡಕ್ಕೂ ಸಂಬಂಧವೇ ಇಲ್ಲ. ‘ಎರಡಿದ್ದರೆ ಜಾಸ್ತಿ ಭದ್ರ ಅಲ್ವಾ?’ ಎಂದು ಕೇಳುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ.

ಹೊಸ ರಾಡಿನ ರೆಸಿಸ್ಟೆನ್ಸ್ 10 ಓಮ್ ಎಂದಿಟ್ಟುಕೊಳ್ಳಿ. ಒಂದು ಸಾಧಾರಣ ಸಿಡಿಲಿನಲ್ಲೇ ಸುಮಾರು 30,000 ಆಂಪಿಯರ್ ಇರುತ್ತದೆ. ಅದರಲ್ಲಿ ಬರೀ 1,000 ಆಂಪಿಯರ್ ಈ ರಾಡಿಗೆ ಇಳಿದರೂ ಅದರ ತಲೆಯಲ್ಲಿ 10,000 ವೋಲ್ಟ್ ಏಳುತ್ತದೆ. ಮನೆಯ ಹಳೆ ಅರ್ಥಿಂಗ್‌ಗೆ ಇದರ ಸುದ್ದಿಯೇ ಗೊತ್ತಿರುವುದಿಲ್ಲ. ಆ 10,000 ವೋಲ್ಟ್ ಅಲ್ಲಿಗೆ ಹೋಗಲು ದಾರಿ ಹುಡುಕುತ್ತದೆ. ಸಿಗುವ ದಾರಿ ಯಾವುದು? ಡಿಶ್ ಕೇಬಲ್, ರೂಟರ್, ಅಡಾಪ್ಟರ್, ಗೋಡೆಯ ಪ್ಲಗ್. ನಾನು ನೋಡಿದ ಮನೆಯಲ್ಲಿ ಸುಟ್ಟದ್ದೂ ಇದೇ ಸಾಲು.

ಆದ್ದರಿಂದ ಎರಡನ್ನೂ 16 ಚದರ ಮಿಲಿಮೀಟರ್ ತಾಮ್ರದ ವೈರಿನಿಂದ ಹೊರಗಡೆಯೇ ಜೋಡಿಸಬೇಕು. ಆಗ ವೋಲ್ಟೇಜ್ ಏರಿದರೂ ಎರಡೂ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಏರುತ್ತದೆ. ನಡುವೆ ಸಿಕ್ಕ ರೂಟರ್ ಬಲಿಯಾಗುವ ಸಾಧ್ಯತೆ ತುಂಬಾ ಇಳಿಯುತ್ತದೆ. ಮೇನ್ ಬೋರ್ಡಿನ ಅರ್ಥ್ ಟರ್ಮಿನಲ್ ಮುಟ್ಟುವ ಕೆಲಸ ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೇ ಬಿಡಿ.

ನನ್ನನ್ನು ಕೇಳಿದರೆ, ಮನೆಯ ಅರ್ಥ್ ಪಿಟ್ (ಹಳೆ ಅರ್ಥಿಂಗ್ ಇರುವ ಗುಂಡಿ) ಹತ್ತಿರದಲ್ಲೇ ಇದ್ದು ಸುಸ್ಥಿತಿಯಲ್ಲಿದ್ದರೆ ಹೊಸ ರಾಡೇ ಬೇಡ. ಡಿಶ್ ವೈರನ್ನು ನೇರ ಅಲ್ಲಿಗೇ ತನ್ನಿ. ಪಿಟ್ ದೂರದಲ್ಲಿದ್ದರೆ ಮಾತ್ರ 2.4 ಮೀಟರ್ ಉದ್ದದ ರಾಡ್ ಪೂರ್ತಿ ಹೊಡೆಯಿರಿ. ಹೊಡೆಯುವ ಮೊದಲು ಕೆಳಗೆ ಪೈಪ್, ಕೇಬಲ್ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಬಂಡೆ ಸಿಕ್ಕಿತೆಂದು ರಾಡನ್ನೇ ಅರ್ಧಕ್ಕೆ ಕತ್ತರಿಸಿ, ಮೇಲೆ ಮಣ್ಣು ಮುಚ್ಚುವವರಿದ್ದಾರೆ. ಹಾಗೆ ಮಾಡಬೇಡಿ. 45 ಡಿಗ್ರಿವರೆಗೆ ಓರೆಯಾಗಿ ಹೊಡೆಯಬಹುದು. ಅದೂ ಆಗದಿದ್ದರೆ ಮುಕ್ಕಾಲು ಮೀಟರಿಗಿಂತ ಸ್ವಲ್ಪ ಹೆಚ್ಚು ಆಳದ ಗುಂಡಿ ತೋಡಿ ರಾಡನ್ನು ಅಡ್ಡಡ್ಡ ಮಲಗಿಸಿ.

ಅರ್ಥಿಂಗ್ ಚೆನ್ನಾಗಲೆಂದು ರಾಡಿನ ಸುತ್ತ ಉಪ್ಪು ಸುರಿಯುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಅದು ಮಳೆಗೆ ಕರಗಿ ಹೋಗುತ್ತದೆ, ಹೋಗುವಾಗ ಕ್ಲಾಂಪನ್ನೂ ತಿಂದು ಹೋಗುತ್ತದೆ. ಬೆಂಟೊನೈಟ್ ಜೇಡಿ ವಾಸಿ.

ಇನ್ನು ಅಡ್ಡದಾರಿಗಳು. ಗೋಡೆಯ ಸಾಕೆಟ್ಟಿನ ಅರ್ಥ್ ಪಿನ್‌ಗೆ ಡಿಶ್ ವೈರ್ ಕೊಡುವುದೆಂದರೆ ಸಿಡಿಲನ್ನು ಕರೆದು ಒಳಗೆ ಕೂರಿಸಿದಂತೆ. ನೀರಿನ ಪೈಪಿನಲ್ಲಿ ನಡುವೆ ಎಲ್ಲೋ ಪ್ಲಾಸ್ಟಿಕ್ ತುಂಡು ಇದ್ದೇ ಇರುತ್ತದೆ, ನಂಬಬೇಡಿ. ಗ್ಯಾಸ್ ಪೈಪಿನ ಹತ್ತಿರವಂತೂ ಸುಳಿಯಲೇಬೇಡಿ.

5. ಡಿಶ್ ಕೇಬಲ್

ಕಂಬಕ್ಕೆ ಅರ್ಥಿಂಗ್ ಮಾಡಿ ಕೇಬಲನ್ನು ಮರೆತರೆ ಅರ್ಧ ಕೆಲಸ. ಕೋಆಕ್ಸಿಯಲ್ ಕೇಬಲ್ (ಟಿವಿ ಡಿಶ್‌ಗೆ ಬರುವಂಥ ದುಂಡು ಕೇಬಲ್) ಆದರೆ ಮನೆಯೊಳಗೆ ಹೋಗುವ ಮುಂಚೆ ಗೋಡೆಯ ಹೊರಗೆ ಗ್ರೌಂಡ್ ಬ್ಲಾಕ್ (ಕೇಬಲಿನ ಹೊರ ಲೋಹದ ಪದರವನ್ನು ಅರ್ಥಿಂಗ್‌ಗೆ ಜೋಡಿಸುವ ತುಂಡು) ಹಾಕಿ, ಅದರಿಂದ ಅದೇ ಅರ್ಥಿಂಗ್‌ಗೆ ವೈರ್ ಕೊಡಿ. ಈಥರ್ನೆಟ್ ಕೇಬಲ್ ಆದರೆ ಗ್ರೌಂಡ್ ಬ್ಲಾಕ್ ನಡೆಯುವುದಿಲ್ಲ, ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜನ್ನು ಅರ್ಥಿಂಗ್‌ಗೆ ತಿರುಗಿಸುವ ಸಾಧನ) ಬೇಕು. ಈ ಕೇಬಲಿನಲ್ಲೇ ಡಿಶ್‌ಗೆ ಪವರ್ ಹೋಗುತ್ತದೆ. ಆದ್ದರಿಂದ ಪ್ರೊಟೆಕ್ಟರ್ ಡಿಶ್‌ಗೆ ಬೇಕಾದಷ್ಟು ವ್ಯಾಟ್ ತಾಳಿಕೊಳ್ಳುವಂಥದ್ದೇ ಆಗಬೇಕು. ಸಣ್ಣ ಕ್ಯಾಮೆರಾಗೆಂದು ಮಾಡಿದ್ದನ್ನು ಹಾಕಿದರೆ ಡಿಶ್ ಪದೇ ಪದೇ ರೀಸ್ಟಾರ್ಟ್ ಆಗಬಹುದು. ಕೆಲವು ಕೇಬಲ್‌ಗಳ ತುದಿ ಕಂಪನಿಯದೇ ವಿನ್ಯಾಸ. ಕತ್ತರಿಸಿದರೆ ವಾರಂಟಿ ಹೋಗಬಹುದು, ಮೊದಲು ಕೈಪಿಡಿ ಓದಿ.

6. ಪರೀಕ್ಷೆ

ಕಂಬದಿಂದ ಮೇನ್ ಅರ್ಥ್ ಟರ್ಮಿನಲ್‌ವರೆಗೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಲ್ಟಿಮೀಟರ್ ಇಡಿಸಿ ನೋಡಿ, 1 ಓಮಿಗಿಂತ ಕಡಿಮೆ ತೋರಿಸಬೇಕು. ಆದರೆ ಇದರಿಂದ ವೈರ್ ಜೋಡಣೆ ಸರಿಯಿದೆಯೇ ಎಂದಷ್ಟೇ ತಿಳಿಯುತ್ತದೆ. ಮಣ್ಣಿನ ರೆಸಿಸ್ಟೆನ್ಸ್ ಅಳೆಯಲು ಅರ್ಥ್ ಟೆಸ್ಟರ್ ಇರುವವರನ್ನೇ ಕರೆಯಬೇಕು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕ್ಲಾಂಪ್ ಬಿಗಿಯಾಗಿದೆಯೇ ನೋಡಿ. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕಿತ್ತಿಡಿ, ರೂಟರಿನಿಂದ ಡಿಶ್ ಕೇಬಲನ್ನೂ ಬಿಚ್ಚಿಡಿ. ಸಿಡಿಲು ತಲೆ ಮೇಲೆ ಬಂದ ಮೇಲೆ ಆ ಕೇಬಲ್ ಮುಟ್ಟಲೇಬೇಡಿ.