20 ಇಂಚ್ ಟೈರ್ ಅಂತ ಕೇಳಿದ್ರೆ ಸಿಗಲ್ಲ: ಮಡಚೋ ಸೈಕಲ್‌ಗೆ ಟೈರ್ ಹುಡುಕಿದ ನನ್ನ ಅನುಭವ

ಸಣ್ಣ ಚಕ್ರದ ಸೈಕಲ್ ಇಟ್ಕೊಂಡಿರೋರು ಮೊದಲು ಮಾಡ್ಬೇಕಾದ್ದು ಏನಂದ್ರೆ, ಈಗ ಹಾಕಿರೋ ಟೈರ್‌ನ ಪಕ್ಕ ಒಂದು ಒದ್ದೆ ಬಟ್ಟೆಲಿ ಒರೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು, ಅಲ್ಲಿ ಉಬ್ಬಿಕೊಂಡಿರೋ ಅಕ್ಷರ ಓದೋದು. ದೊಡ್ಡದಾಗಿ 20×1.75 ಅಂತ ಇರತ್ತಲ್ಲ, ಅದಲ್ಲ. ಅದರ ಪಕ್ಕದಲ್ಲೋ ಕೆಳಗೋ ಸಣ್ಣಕ್ಕೆ 47-406 ಅಂತ ಇನ್ನೊಂದು ನಂಬರ್ ಇರತ್ತೆ, ಅದರ ಫೋಟೋ ತೆಗೆದಿಟ್ಕೊಳ್ಳಿ. ಇನ್ಮೇಲೆ ನಿಮ್ಮ ಸೈಕಲ್ "20 ಇಂಚ್" ಅಲ್ಲ, "406".

ನಂದು ಮಡಚೋ ಸೈಕಲ್. ಮನೆಯಿಂದ ರಾಜಾಜಿನಗರ ಮೆಟ್ರೋ ಸ್ಟೇಷನ್‌ಗೆ ತುಳಿಯೋದು, ಮಡಚಿ ಒಳಗೆ ತಗೊಂಡು ಹೋಗೋದು, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನ್‌ಗೆ ಬದಲಾಯಿಸಿ ವೈಟ್‌ಫೀಲ್ಡ್ ಕಡೆ ಇಳಿದು ಮತ್ತೆ ಆಫೀಸ್ ತನಕ ತುಳಿಯೋದು. ಹಿಂದಿನ ಟೈರ್‌ನ ನಡುಭಾಗ ಚಪ್ಪಟೆ ಆಗಿ, ಒಂದು ಕಡೆ ರಬ್ಬರ್ ಪೂರ್ತಿ ಸವೆದು ಒಳಗಿನ ದಾರ ಬೂದು ಬಣ್ಣದಲ್ಲಿ ಕಾಣ್ತಿತ್ತು. ಪಂಕ್ಚರ್ ಅಂಗಡಿಯವರು ನೋಡಿ "ಸಾರ್ ಇದಕ್ಕೆ ಪ್ಯಾಚ್ ಹಾಕ್ತಾ ಕೂತ್ರೆ ಟ್ಯೂಬೆಲ್ಲ ಪ್ಯಾಚೇ ಆಗತ್ತೆ, ಟೈರ್ ಚೇಂಜ್ ಮಾಡ್ಸಿ" ಅಂದ್ರು. ಮುಂದಿನದು ಇನ್ನೂ ಚೆನ್ನಾಗೇ ಇತ್ತು. ಅದು ಸಹಜ, ನಮ್ಮ ಭಾರದಲ್ಲಿ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲೇ ಬೀಳತ್ತೆ, ತುಳಿತದ ಎಳೆತಾನೂ ಅದಕ್ಕೇ.

ಸಣ್ಣ ಚಕ್ರದ ಟೈರ್ ಬೇಗ ಸವೆಯತ್ತೆ ಅನ್ನೋದು ಬರೀ ಅನಿಸಿಕೆ ಅಲ್ಲ, ಲೆಕ್ಕನೇ ಹಂಗಿದೆ. 47-406 ಅಂದ್ರೆ ಟೈರ್ ಕೂರೋ ಜಾಗದಲ್ಲಿ ರಿಮ್‌ನ ವ್ಯಾಸ 406 ಮಿಲಿಮೀಟರ್, ಟೈರ್ ಅಗಲ 47. ಎರಡೂ ಕಡೆ 47 ಸೇರಿಸಿದ್ರೆ 500 ಮಿ.ಮೀ. ವ್ಯಾಸ, ಸುತ್ತಳತೆ ಸುಮಾರು 1.57 ಮೀಟರ್. ಅಂದ್ರೆ ಒಂದು ಕಿಲೋಮೀಟರ್‌ಗೆ ಹತ್ತಿರ ಹತ್ತಿರ 637 ಸುತ್ತು. ದೊಡ್ಡ ಚಕ್ರದ ಮಾಮೂಲಿ ಹೈಬ್ರಿಡ್ ಸೈಕಲ್‌ನ 700×32 ಟೈರ್ (ರಿಮ್ 622 ಮಿ.ಮೀ.) ಅಷ್ಟೇ ದೂರಕ್ಕೆ 464 ಸುತ್ತು ಹಾಕತ್ತೆ. ಅದೇ ರಸ್ತೆ, ಅದೇ ಮನುಷ್ಯ, ಆದ್ರೆ ನಮ್ಮ ರಬ್ಬರ್‌ನ ಒಂದೊಂದು ಜಾಗಾನೂ ಅದಕ್ಕಿಂತ ನೂರಕ್ಕೆ 37ರಷ್ಟು ಜಾಸ್ತಿ ಸಲ ನೆಲ ಮುಟ್ಟತ್ತೆ. ಹಾಗಾಗಿ ದೊಡ್ಡ ಸೈಕಲ್‌ನವರು "ನಂದು ಇಷ್ಟು ವರ್ಷ ಬಂತು" ಅಂತ ಹೇಳಿದ್ರೆ ಹೊಟ್ಟೆ ಉರ್ಕೊಳ್ಳೋದು ಬೇಡ.

ಸರಿ, ಹುಡುಕೋಕೆ ಶುರು ಮಾಡ್ದೆ. ಮೊದಲನೇ ಅಂಗಡಿಲಿ "20 ಇಂಚಾ, ಇದೆ" ಅಂತ ಮೇಲಿಂದ ಧೂಳು ಕೊಡವಿ ಒಂದು ಟೈರ್ ಇಳಿಸಿದ್ರು, ತೆಳ್ಳಗೆ ಚೆನ್ನಾಗಿತ್ತು, ಪಕ್ಕದಲ್ಲಿ 20×1.3/8 ಅಂತ ಇತ್ತು. ತಿರುಗಿಸಿ ನೋಡಿದ್ರೆ 37-451. ಎರಡೂ 20 ಇಂಚೇ! ಆದ್ರೆ 406ಕ್ಕೂ 451ಕ್ಕೂ ವ್ಯಾಸದಲ್ಲಿ 45 ಮಿ.ಮೀ. ವ್ಯತ್ಯಾಸ, ಅಂದ್ರೆ ಸುತ್ತಲೂ ಎರಡೂಕಾಲು ಸೆಂಟಿಮೀಟರ್ ಸಡಿಲ. ಅದು ನನ್ನ ರಿಮ್ ಮೇಲೆ ಬಳೆ ಥರ ತಿರುಗತ್ತೆ ಅಷ್ಟೆ. ಅಂಗಡಿಯವರಿಗೆ ತೋರಿಸಿದ್ರೆ ಅವ್ರು "ಎಲ್ಲಾ ಒಂದೇ ಸಾರ್, ಹಾಕಿದ್ರೆ ಕೂರತ್ತೆ" ಅಂದ್ರು. ಕೂರಲ್ಲ.

ಇದರ ಹಿಂದಿರೋ ನಿಯಮ ಸುಲಭ. ಇಂಚ್ ಅಳತೆ ಅನ್ನೋದು ಹಳೇ ಕಾಲದಲ್ಲಿ ಗಾಳಿ ತುಂಬಿದ ಟೈರ್‌ನ ಹೊರಗಿನ ಎತ್ತರ ಎಷ್ಟು ಅಂತ ಅಂದಾಜಿಗೆ ಹೇಳ್ತಿದ್ದದ್ದು, ರಿಮ್ ಎಷ್ಟು ಅಂತಲ್ಲ. ಒಂದೊಂದು ದೇಶ ಒಂದೊಂದು ಥರ ಮಾಡಿ ಇಟ್ಟಿದ್ರಿಂದ ಒಂದೇ ಇಂಚ್‌ಗೆ ನಾಲ್ಕೈದು ರಿಮ್ ಸೈಜ್ ಹುಟ್ಕೊಂಡ್ವು. ದಶಮಾಂಶದಲ್ಲಿ ಬರೆದಿರೋ 20×1.5, 20×1.75, 20×2.125 ಇವೆಲ್ಲ ಸಾಮಾನ್ಯವಾಗಿ 406. ಭಿನ್ನರಾಶಿಲಿ ಬರೆದಿರೋ 1 1/8, 1 3/8 ಸಾಮಾನ್ಯವಾಗಿ 451. ನಮ್ಮ ದೇಶದ ಟೈರ್‌ಗಳಲ್ಲಿ ಇನ್ನೊಂದು ತಮಾಷೆ ಇದೆ, ಭಿನ್ನರಾಶಿ ಮಧ್ಯೆ ಒಂದು ಚುಕ್ಕಿ ಇಡ್ತಾರೆ, 1.3/8 ಅಂತ, ಬೇಗ ನೋಡಿದ್ರೆ ದಶಮಾಂಶ ಅಂತಲೇ ಅನ್ಸತ್ತೆ. ಇದು ಸಣ್ಣ ಚಕ್ರಕ್ಕೆ ಮಾತ್ರ ಅಂದ್ಕೋಬೇಡಿ, 26×1.3/8 ಲೇಡೀಸ್ ಸೈಕಲ್ ಟೈರ್ 590, ಎಂಟಿಬಿ ಅಂದ್ರೆ ಮೌಂಟನ್ ಬೈಕ್‌ನ 26×1.95 ಟೈರ್ 559, ಒಂದರದ್ದು ಇನ್ನೊಂದಕ್ಕೆ ಆಗಲ್ಲ. ಈ ಎಲ್ಲ ಗೋಜಲು ಬಿಡಿಸೋಕೇ ಅಗಲ-ವ್ಯಾಸ ಅಂತ ಮಿ.ಮೀ.ನಲ್ಲಿ ಬರೆಯೋ ಇಟಿಆರ್‌ಟಿಓ (ಯುರೋಪಿನ ಟೈರ್-ರಿಮ್ ಸಂಸ್ಥೆ) ಪದ್ಧತಿ ಬಂದದ್ದು, ಐಎಸ್‌ಓ 5775 ಅಂತಲೂ ಅದಕ್ಕೆ ಹೆಸರಿದೆ.

406 ಇರೋರು ಒಂದು ಲೆಕ್ಕದಲ್ಲಿ ಪುಣ್ಯವಂತರು, ಯಾಕಂದ್ರೆ ಮಕ್ಕಳ ಬಿಎಂಎಕ್ಸ್ ಥರದ ಸೈಕಲ್‌ಗಳದ್ದೂ ಇದೇ ರಿಮ್. ರಾಲ್ಸನ್, ಮೆಟ್ರೋ, ಹಾರ್ಟೆಕ್ಸ್ ಹೀಗೆ ನಮ್ಮಲ್ಲೇ ತಯಾರಾಗೋ ಟೈರ್ ಯಾವ ತಾಲೂಕು ಕೇಂದ್ರದಲ್ಲೂ ಸಿಗತ್ತೆ. ನನ್ನ ಫ್ರೆಂಡ್ ಒಬ್ಬನ ಹತ್ರ ಬ್ರಾಂಪ್ಟನ್ ಅನ್ನೋ ಇಂಗ್ಲೆಂಡಿನ ಮಡಚೋ ಸೈಕಲ್ ಇದೆ, ಅದು 16 ಇಂಚು ಅಂತಾರೆ ಆದ್ರೆ 349. ಮಕ್ಕಳ 16 ಇಂಚ್ ಸೈಕಲ್ 305. ಅವನಿಗೆ ಊರೂರಲ್ಲಿ 16 ಇಂಚ್ ಟೈರ್ ನೇತಾಡ್ತಿರೋದು ಕಾಣತ್ತೆ, ಒಂದೂ ಆಗಲ್ಲ. ಟೂರ್ ಹೋಗೋವಾಗ ಒಂದು ಟೈರ್ ಬ್ಯಾಗಲ್ಲೇ ಇಟ್ಕೊಂಡಿರ್ತಾನೆ. ಸಣ್ಣ ಚಕ್ರದ ಸೈಕಲ್ ಇನ್ನೂ ತಗೊಂಡಿಲ್ಲ, ಯೋಚನೆ ಮಾಡ್ತಿದೀರಿ ಅಂದ್ರೆ ಈ ಒಂದು ವಿಷಯಕ್ಕೇ ನಾನು 406 ನೋಡಿ ತಗೊಳ್ಳಿ ಅಂತೀನಿ, ಗೇರು ಬಣ್ಣ ಎಲ್ಲ ಆಮೇಲೆ.

ನಾನೂ ತಾತ್ಕಾಲಿಕಕ್ಕೆ ಅಂತ ಒಂದು ಲೋಕಲ್ 20×1.75 ತಗೊಂಡು ಹಿಂದಕ್ಕೆ ಹಾಕಿಸ್ದೆ, ಮುನ್ನೂರು ಚಿಲ್ಲರೆ ಆಯ್ತು. ತಗೊಳೋ ಮುಂಚೆ ಎರಡು ಕೈಲಿ ಹಿಡಿದು ಪಕ್ಕದ ಗೋಡೆ ಬಗ್ಗಿಸಿ ನೋಡ್ದೆ, ಯಾಕಂದ್ರೆ ಅಂಗಡಿಲಿ ತುಂಬಾ ದಿನ ಬಿಸಿಲಿಗೆ ನೇತಾಡಿದ್ದಾದ್ರೆ ಬಗ್ಗಿಸಿದಾಗ ಕೂದಲೆಳೆಯಂಥ ಬಿರುಕು ಕಾಣತ್ತೆ. ಮೊದಲನೇದ್ರಲ್ಲಿ ಕಂಡಿತು, ಎರಡನೇದು ಮೆತ್ತಗೆ ಚೆನ್ನಾಗಿತ್ತು. ಓಡ್ಸೋಕೆ ಪರವಾಗಿಲ್ಲ, ಬೈಯೋ ಹಂಗೇನಿಲ್ಲ, ಆದ್ರೆ ಅದರ ಬಟನ್ ಬಟನ್ ಗ್ರಿಪ್ಪಿಗೆ ಕಾಂಕ್ರೀಟ್ ರಸ್ತೆ ಮೇಲೆ ಗುಯ್ ಅಂತ ಸೌಂಡು, ಮತ್ತೆ ಪಕ್ಕದಲ್ಲಿ ಗಾಳಿ ಒತ್ತಡ ಹೆಚ್ಚಂದ್ರೆ 40 ಪಿಎಸ್‌ಐ ಅಂತ ಬರೆದಿತ್ತು. ಮಕ್ಕಳ ಭಾರಕ್ಕೆ ಅಷ್ಟು ಸಾಕು. ನನ್ನ ತೂಕ, ಲ್ಯಾಪ್‌ಟಾಪ್ ಬ್ಯಾಗ್, ಮಧ್ಯಾಹ್ನದ ಡಬ್ಬಿ ಎಲ್ಲ ಸೇರಿದಾಗ ಆ ಗಾಳಿಲಿ ಹಿಂದಿನ ಚಕ್ರ ಕೆಳಗಡೆ ಚಪ್ಪಟೆ ಆಗಿ ಹೊಟ್ಟೆ ಬಿಟ್ಟ ಹಾಗೆ ಕಾಣ್ತಿತ್ತು, ತುಳಿಯೋಕೂ ಭಾರ. ದೊಡ್ಡೋರು ಓಡ್ಸೋ ಸೈಕಲ್‌ಗೆ ಟೈರ್ ಆರಿಸೋವಾಗ ಸೈಜ್ ಆದ್ಮೇಲೆ ನೋಡ್ಬೇಕಾದ ಎರಡನೇ ನಂಬರೇ ಈ ಮ್ಯಾಕ್ಸಿಮಮ್ ಪ್ರೆಶರ್.

ಆಮೇಲೆ ಒಳ್ಳೇದು ಯಾವ್ದು ಅಂತ ಕೂತು ಯೋಚನೆ ಮಾಡ್ದೆ. 406ರಲ್ಲಿ ಹೊರಗಡೆ ಬ್ರಾಂಡ್‌ಗಳು ಬೇಕಾದಷ್ಟಿವೆ. ಜರ್ಮನಿಯ ಶ್ವಾಲ್ಬೆ ಒಂದರಲ್ಲೇ ಗ್ರಿಪ್ಪೇ ಇಲ್ಲದ ನುಣ್ಣನೆ ಕೋಜಾಕ್ 35-406, ಪಂಕ್ಚರ್ ತಡೆಯೋಕೆ ಒಳಗೆ ರಬ್ಬರ್ ಪದರ ಇರೋ ಮ್ಯಾರಥಾನ್ 47-406, ಆ ಪದರಾನೇ 5 ಮಿ.ಮೀ. ದಪ್ಪ ಇರೋ ಮ್ಯಾರಥಾನ್ ಪ್ಲಸ್, ದಪ್ಪ ಬಲೂನಿನಂಥ ಬಿಗ್ ಆಪಲ್ 50-406. ತೆಳ್ಳಗಿದ್ರೆ ಫಾಸ್ಟ್ ಅಂತ ಎಲ್ರೂ ಹೇಳ್ತಾರೆ, ವೆಲೊಡ್ರೋಮ್‌ನಲ್ಲಿ, ಅಂದ್ರೆ ಸೈಕಲ್ ರೇಸ್‌ನ ನುಣ್ಣನೆ ಟ್ರ್ಯಾಕ್‌ನಲ್ಲಿ, ನಿಜ ಇರ್ಬಹುದು. ಬೆಂಗಳೂರಲ್ಲಿ, ಅದೂ ಸಣ್ಣ ಚಕ್ರಕ್ಕೆ, ನಾನು ಒಪ್ಪಲ್ಲ. ದೊಡ್ಡ ಚಕ್ರ ಮೇಲಿಂದಲೇ ದಾಟಿಬಿಡೋ ಗುಂಡಿಯೊಳಗೆ ಸಣ್ಣ ಚಕ್ರ ಇಳಿದೇ ಏಳತ್ತೆ, ಕೇಬಲ್‌ನವರು ಅಗೆದು ಅರ್ಧಂಬರ್ಧ ಮುಚ್ಚಿರೋ ಅಡ್ಡ ಪಟ್ಟಿ ಇದ್ಯಲ್ಲ, ಅದಕ್ಕೆ ಹೊಡೆದಾಗ 35ರ ಟೈರ್ ಆಗಿದ್ರೆ ಟ್ಯೂಬ್ ರಿಮ್‌ಗೆ ಸಿಕ್ಕಿ ಹಾವು ಕಚ್ಚಿದಂಗೆ ಎರಡು ತೂತು ಗ್ಯಾರಂಟಿ. ಆದ್ರಿಂದ ನನ್ನ ಪ್ರಶ್ನೆ ಎಷ್ಟು ತೆಳ್ಳಗೆ ಅಂತ ಇರ್ಲಿಲ್ಲ, ಎಷ್ಟು ದಪ್ಪ ಹಿಡಿಸತ್ತೆ ಅಂತ ಇತ್ತು.

ಅದನ್ನ ಅಳೆಯೋಕೆ ಸ್ಕೇಲ್ ಒಳಗೆ ಹೋಗಲ್ಲ, ಅಲೆನ್ ಕೀ (ಆರು ಮೂಲೆಯ ಎಲ್ ಆಕಾರದ ಕಡ್ಡಿ) ಸೆಟ್ ಸಾಕು. ಟೈರ್‌ಗೆ ಪೂರ್ತಿ ಗಾಳಿ ಹಾಕಿ, ಮಡ್ಗಾರ್ಡ್ ಮತ್ತೆ ಟೈರ್ ಮಧ್ಯೆ 4 ಮಿ.ಮೀ. ಕೀ ತೂರಿಸಿ, ಹೋಯ್ತಾ, ಆಮೇಲೆ 5, ಆಮೇಲೆ 6, ಹೀಗೆ ಚಕ್ರ ತಿರುಗಿಸ್ತಾ ಎಲ್ಲಿ ಬಿಗಿ ಆಗತ್ತೆ ನೋಡೋದು. ಮೇಲಷ್ಟೇ ಅಲ್ಲ, ಫೋರ್ಕ್‌ನ ಎರಡು ಪಕ್ಕ, ಹಿಂದೆ ಚೈನ್ ಪಕ್ಕದ ಕೊಳವೆ, ಬ್ರೇಕ್ ಕೆಳಗೆ, ಎಲ್ಲ ಕಡೆ. ನನ್ನದಕ್ಕೆ ಹಿಂದೆ 8 ಆರಾಮಾಗಿ ಹೋಯ್ತು, ಮುಂದೆ ಮಡ್ಗಾರ್ಡ್ ಹಿಡಿದಿರೋ ಬೋಲ್ಟ್ ಹತ್ರ 5 ಕಷ್ಟಪಟ್ಟು, 6 ಹೋಗ್ಲೇ ಇಲ್ಲ. 47ರಿಂದ 50ಕ್ಕೆ ಹೋದ್ರೆ ಎತ್ತರ ಸುಮಾರು 3 ಮಿ.ಮೀ. ಏರತ್ತೆ, ಉಳಿಯೋದು ಎರಡು. ಮಳೆಗಾಲದಲ್ಲಿ ಅಲ್ಲಿ ಒಂದು ಜಲ್ಲಿ ಕಲ್ಲು ಸಿಕ್ಕಿಕೊಂಡ್ರೆ ಮುಂದಿನ ಚಕ್ರ ನಿಂತುಹೋಗತ್ತೆ, ನಾನು ಹ್ಯಾಂಡಲ್ ಮೇಲಿಂದ ಮುಂದೆ. ಬಿಗ್ ಆಪಲ್ ಅಲ್ಲಿಗೆ ಕೈಬಿಟ್ಟೆ. ಮಡಚೋ ಸೈಕಲ್ ಆದ್ರೆ ಮಡಚಿ ಕೂಡ ನೋಡ್ಬೇಕು, ಎರಡು ಚಕ್ರ ಪಕ್ಕ ಪಕ್ಕ ಬಂದು ಮ್ಯಾಗ್ನೆಟ್ ಕಚ್ಚಿಕೊಳ್ಳೋ ಜಾಗದಲ್ಲಿ ದಪ್ಪ ಟೈರ್ ಅಡ್ಡ ಬಂದ್ರೆ ಮೆಟ್ರೋದಲ್ಲಿ ಸೈಕಲ್ ತಾನೇ ಬಿಚ್ಕೊಂಡು ನಿಲ್ಲತ್ತೆ.

ಮ್ಯಾರಥಾನ್ ಪ್ಲಸ್ ಯಾಕೆ ಬೇಡ ಅಂದೆ ಅಂದ್ರೆ, ಪಂಕ್ಚರ್ ಆಗೋದು ತೀರಾ ಕಮ್ಮಿ ಅನ್ನೋದು ನಿಜ, ಆದ್ರೆ ಭಾರ, ಗಡಸು, ಸ್ಟೇಷನ್ ಮೆಟ್ಟಿಲು ಹತ್ತಿಸೋನು ನಾನೇ ಅಲ್ವಾ. ಮಾಮೂಲಿ ಮ್ಯಾರಥಾನ್ 47-406 ಎರಡು ಅಂತ ತೀರ್ಮಾನ ಮಾಡ್ದೆ. ಇಲ್ಲಿ ಹುಡುಕಿದ್ರೆ ಆ ಸೈಜ್ ಸ್ಟಾಕ್ ಇರ್ಲಿಲ್ಲ, ಇದ್ದ ಕಡೆ ಒಂದೇ ಇತ್ತು. ಸ್ಟುಟ್‌ಗಾರ್ಟ್‌ನಲ್ಲಿರೋ ನಮ್ಮ ಭಾವ ಯುಗಾದಿಗೆ ಬರೋದಿತ್ತು, ಅವ್ರಿಗೆ ಹೇಳ್ದೆ. ಅಕ್ಕ "ಚಾಕ್ಲೇಟ್ ತರೋ ಜಾಗದಲ್ಲಿ ಟೈರಾ" ಅಂದ್ಲು. ಭಾವಂಗೆ ನಾನು 20 ಇಂಚ್ ಅನ್ನೋ ಮಾತೇ ಎತ್ಲಿಲ್ಲ, "ಡಬ್ಬಿ ಮೇಲೆ 47-406 ಅಂತ ಇರ್ಬೇಕು, ಫೋಟೋ ಕಳ್ಸಿ, ನಾನು ಹೂಂ ಅಂದ್ಮೇಲೆ ದುಡ್ಡು ಕೊಡಿ" ಅಂದೆ. ಅಂಚಿಗೆ ತಂತಿ ಇರೋ ಟೈರ್ ಮಡಚೋಕಾಗಲ್ಲ ಅಂತಾರೆ, ಮಡಚ್ಬಾರ್ದು ನಿಜ, ಆದ್ರೆ ತಿರುಚಿ ಮೂರು ಸುತ್ತಿನ ಸಣ್ಣ ಸಿಂಬೆ ಮಾಡ್ಬಹುದು, ತಂತಿ ಮುರಿಯಲ್ಲ. ವಿಡಿಯೋ ಕಾಲ್‌ನಲ್ಲಿ ಹೇಳ್ಕೊಟ್ಟೆ, ಎರಡೂ ಸೂಟ್‌ಕೇಸ್ ಮೂಲೇಲಿ ಕೂತ್ವು.

ಹಾಕೋದು ದೊಡ್ಡ ಚಕ್ರಕ್ಕಿಂತ ಕಷ್ಟ, ಮೊದಲೇ ಹೇಳ್ಬಿಡ್ತೀನಿ. ಸುತ್ತಳತೆ ಸಣ್ಣದು, ತಂತಿ ಸ್ವಲ್ಪಾನೂ ಜಗ್ಗಲ್ಲ. ಪಂಕ್ಚರ್ ಅಂಗಡಿಲಿ ಸ್ಕ್ರೂಡ್ರೈವರ್ ಹಾಕಿ ಮೀಟ್ತಾರೆ, ಹೊಸ ಟ್ಯೂಬ್ ಅಲ್ಲೇ ಹೋಗತ್ತೆ. ನಾನು ಮನೇಲೇ ಮಾಡ್ದೆ: ರಿಮ್ ಟೇಪ್ (ಕಡ್ಡಿಗಳ ತೂತು ಟ್ಯೂಬ್‌ಗೆ ತಾಗದ ಹಾಗೆ ಮುಚ್ಚೋ ಪಟ್ಟಿ) ಸರಿ ಇದ್ಯಾ ನೋಡ್ಕೊಂಡು, ಬಾಣದ ಗುರುತು ಚಕ್ರ ತಿರುಗೋ ದಿಕ್ಕಿಗೆ ಇಟ್ಟು, ಟ್ಯೂಬ್‌ಗೆ ಆಕಾರ ಬರೋವಷ್ಟು ಮಾತ್ರ ಗಾಳಿ, ವಾಲ್ವ್ ಎದುರುಗಡೆಯಿಂದ ಶುರು ಮಾಡಿ ವಾಲ್ವ್ ಹತ್ರ ಮುಗಿಸೋ ಹಾಗೆ ಕೂರಿಸ್ತಾ ಬರೋದು. ಕೊನೇ ಗೇಣು ಬಿಗಿ ಆಗಿ ನಿಲ್ಲತ್ತೆ. ಆಗ ಬಲ ಹಾಕ್ಬೇಡಿ, ಈಗಾಗ್ಲೇ ಕೂತಿರೋ ಕಡೆ ಎಲ್ಲ ಟೈರ್ ಅಂಚನ್ನ ಎರಡೂ ಬದಿಯಿಂದ ಹಿಸುಕಿ ರಿಮ್‌ನ ನಡುವಿನ ತಗ್ಗಿಗೆ ತಳ್ತಾ ಬನ್ನಿ, ಎರಡು ಸುತ್ತು ಬರೋದ್ರೊಳಗೆ ಎಲ್ಲಿಂದಲೋ ಒಂದಿಷ್ಟು ಸಡಿಲ ಬಂದು ಸೇರ್ಕೊಳ್ಳತ್ತೆ. ಅಂಚಿಗೆ ಸ್ವಲ್ಪ ಸೋಪ್ ನೀರು ಸವರಿದ್ದೆ, ಹೆಬ್ಬೆರಳಲ್ಲೇ ಟಪ್ ಅಂತ ಒಳಗೆ ಹೋಯ್ತು. ಗಾಳಿ ತುಂಬಿದ್ಮೇಲೆ ರಿಮ್ ಪಕ್ಕ ಟೈರ್ ಮೇಲೆ ಒಂದು ತೆಳು ಗೆರೆ ಕಾಣತ್ತೆ, ಆ ಗೆರೆ ಸುತ್ತಲೂ ಒಂದೇ ಎತ್ತರದಲ್ಲಿ ಇದ್ರೆ ಸರಿಯಾಗಿ ಕೂತಿದೆ, ಎಲ್ಲೋ ಮುಳುಗಿದ್ರೆ ಗಾಳಿ ಬಿಟ್ಟು ಮತ್ತೆ.

ಟ್ಯೂಬ್ ಬಗ್ಗೆ ಒಂದೇ ಮಾತು, ಬೈಕ್‌ನಲ್ಲಿರೋ ಥರದ ದಪ್ಪ ವಾಲ್ವ್‌ದೇ ತಗೊಳ್ಳಿ, ಯಾವ ಪಂಕ್ಚರ್ ಅಂಗಡಿಲೂ ಗಾಳಿ ಸಿಗತ್ತೆ. ಆದ್ರೆ ಪೆಟ್ರೋಲ್ ಬಂಕ್ ಗಾಳಿಗೆ ಮಾತ್ರ ಹೋಗ್ಬೇಡಿ, ಸಣ್ಣ ಟೈರ್ ಒಳಗೆ ಜಾಗಾನೇ ಕಮ್ಮಿ, ಎರಡು ಸೆಕೆಂಡ್ ಜಾಸ್ತಿ ಹಿಡಿದ್ರೆ ಢಂ. ಮೀಟರ್ ಇರೋ ಕಾಲು ಪಂಪ್ ಮನೇಲಿ ಇಟ್ಕೊಳ್ಳೋದು ವಾಸಿ. ನಾನು ಹಿಂದೆ 55, ಮುಂದೆ 45 ಪಿಎಸ್‌ಐ ಇಡ್ತೀನಿ, ಬ್ಯಾಗ್ ಇಲ್ಲದ ದಿನ ಇನ್ನೂ ಸ್ವಲ್ಪ ಕಮ್ಮಿ.

ಈಗ ಸೌಂಡಿಲ್ಲ, ಅದೇ ಮೊದಲು ಗೊತ್ತಾಗಿದ್ದು. ಹಂಪ್ ಇಳಿಯೋವಾಗ ಕೈಗೆ ಬರ್ತಿದ್ದ ಏಟು ಕಮ್ಮಿ ಆಗಿದೆ. ಒದ್ದೆ ರಸ್ತೇಲಿ ಬಿಳಿ ಪಟ್ಟಿ ಮೇಲೆ ಜಾರೋದು ಇದರಲ್ಲೂ ಇದೆ, ಬಣ್ಣದ ಮೇಲೆ ಯಾವ ಟೈರ್ ಆದ್ರೂ ಜಾರತ್ತೆ. ಆ ಲೋಕಲ್ ಟೈರ್ ಬಿಸಾಕ್ಲಿಲ್ಲ, ಸಿಂಬೆ ಸುತ್ತಿ ಮಂಚದ ಕೆಳಗೆ ಇಟ್ಟಿದೀನಿ. ಪಕ್ಕದ ಮನೆ ಹುಡುಗನ ಸೈಕಲ್ಲೂ 406ಏ, ಅವನ ಕಣ್ಣು ಆಗ್ಲೇ ಅದರ ಮೇಲಿದೆ.