ಜರ್ಮನ್ ಏಲ್‌ಗೆ ಯೀಸ್ಟ್ ಆರಿಸುವುದು, ಹುದುಗಿಸುವುದು: ನನ್ನ ಅನುಭವ

ಜರ್ಮನ್ ಬಿಯರ್ ಎಂದೊಡನೆ ತಂಪಿನಲ್ಲಿ ಹುದುಗುವ ಲಾಗರ್ ನೆನಪಾಗುವುದು ಸಹಜ. ಆದರೆ ಕಲೋನ್ ನಗರದ ಕೋಲ್ಶ್, ಡುಸೆಲ್‌ಡಾರ್ಫಿನ ಆಲ್ಟ್ ಮತ್ತು ಬವೇರಿಯದ ಗೋಧಿ ಬಿಯರ್ ಮೂರೂ ಏಲ್ ಯೀಸ್ಟಿನಿಂದ, ಅಂದರೆ ಸಾಮಾನ್ಯವಾಗಿ ಲಾಗರ್ ಯೀಸ್ಟಿಗಿಂತ ಬೆಚ್ಚಗೆ ಕೆಲಸ ಮಾಡುವ ಯೀಸ್ಟಿನಿಂದ, ಹುದುಗುವಂಥವು. ಇವುಗಳಲ್ಲಿ ನಾನು ಮನೆಯಲ್ಲಿ ಹೆಚ್ಚಾಗಿ ತಯಾರಿಸುವುದು ಕೋಲ್ಶ್ ಮಾದರಿಯ ಬಿಯರನ್ನು. 1986ರ ಒಪ್ಪಂದದ ಪ್ರಕಾರ ಕೋಲ್ಶ್ ಎಂಬ ಹೆಸರು ಕಲೋನ್ ಮತ್ತು ಅದರ ಆಸುಪಾಸಿನ ತಯಾರಕರಿಗೆ ಮೀಸಲಾಗಿರುವುದರಿಂದ ‘ಮಾದರಿ’ ಎಂಬ ಮಾತನ್ನು ನಾನು ಬಿಡುವುದಿಲ್ಲ. ಬಹುಪಾಲು ಪಿಲ್ಸ್‌ನರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ತಿಳಿಬಣ್ಣದ ಬಾರ್ಲಿ), ಹಿತಮಿತವಾದ ಹಾಪ್ಸ್ (ಕಹಿ ಕೊಡುವ ಹೂ), ಹುದುಗುವ ಮೊದಲು 1.048ರ ಆಸುಪಾಸಿನ ಸಾಂದ್ರತೆ (ನೀರಿನದು 1 ಎಂದಿಟ್ಟುಕೊಂಡರೆ); ಇಷ್ಟು ಸರಳವಾದ ಬಿಯರಿನಲ್ಲಿ ಯೀಸ್ಟ್ ಮಾಡಿದ್ದೆಲ್ಲವೂ ನಾಲಿಗೆಗೆ ನೇರವಾಗಿ ತಿಳಿಯುತ್ತದೆ.

ಪೊಟ್ಟಣದ ಮೇಲೆ ‘ಜರ್ಮನ್ ಏಲ್’ ಎಂದಿದ್ದ ಮಾತ್ರಕ್ಕೆ ಒಂದರ ಬದಲು ಇನ್ನೊಂದನ್ನು ಬಳಸಲಾಗದು. ಗೋಧಿ ಬಿಯರಿನ ಯೀಸ್ಟ್ ಮಾಲ್ಟಿನಲ್ಲಿರುವ ಫೆರುಲಿಕ್ ಆಮ್ಲವನ್ನು ಲವಂಗದ ವಾಸನೆಯ ಸಂಯುಕ್ತವನ್ನಾಗಿ ಮಾರ್ಪಡಿಸುತ್ತದೆ, ಜೊತೆಗೆ ಬಾಳೆಹಣ್ಣಿನ ಪರಿಮಳದ ಎಸ್ಟರ್ ಎಂಬ ಸಂಯುಕ್ತವನ್ನೂ ಧಾರಾಳವಾಗಿ ಬಿಡುತ್ತದೆ. ಕೋಲ್ಶ್‌ಗೆ ಇವೆರಡೂ ಸಲ್ಲವು. ಹಾಗಾಗಿ ಲವಂಗದ ಗುಣವಿಲ್ಲದ ತಳಿಗಳನ್ನಷ್ಟೇ ಬೇರ್ಪಡಿಸಿಕೊಂಡು, ಆಮೇಲೆ ನಾನು ಸ್ಥಿರವಾಗಿ ಕಾಯ್ದುಕೊಳ್ಳಬಲ್ಲ ಉಷ್ಣಾಂಶ ಯಾವುದು, ಯಾವ ತಳಿ ಅದಕ್ಕೆ ಹೊಂದುತ್ತದೆ ಎಂದು ನೋಡುತ್ತೇನೆ. ನನ್ನ ಮಟ್ಟಿಗೆ ಆಯ್ಕೆಯ ತಿರುಳು ಇದೇ. ವೈಈಸ್ಟ್ ಕಂಪನಿಯ 2565 ತಳಿ 13 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಿನಲ್ಲೂ ಕೆಲಸ ಮಾಡುವುದರಿಂದ ನನ್ನ ಮೊದಲ ಆಯ್ಕೆ ಅದು. ದ್ರವ ಯೀಸ್ಟ್ ತಾಜಾ ಸಿಗದಿದ್ದಾಗ ಒಣ ಯೀಸ್ಟಾದ ಸಾಫ್‌ಏಲ್ ಕೆ-97 ಬಳಸುತ್ತೇನೆ. ಅದು ಎಬ್ಬಿಸುವ ನೊರೆ ದಪ್ಪವಾಗಿ, ಎತ್ತರಕ್ಕೆ ಏರುವುದರಿಂದ ಪಾತ್ರೆಯ ಕಾಲು ಭಾಗವನ್ನಾದರೂ ಖಾಲಿ ಬಿಡಬೇಕು. ಎರಡೂ ತಳಿಗಳು ಬೇಗ ತಳಕ್ಕೆ ಕೂರುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವುದು ಒಳ್ಳೆಯದು.

ತಂಪಿನಲ್ಲಿ ಹುದುಗಿಸುವಾಗ ಯೀಸ್ಟಿನ ಪ್ರಮಾಣದಲ್ಲಿ ಜಿಪುಣತನ ಸಲ್ಲದು. ಏಲ್‌ಗೆ ಸಾಮಾನ್ಯವಾಗಿ ಪ್ರತಿ ಮಿಲಿಲೀಟರಿಗೆ, ಪ್ರತಿ ಪ್ಲೇಟೋ ಡಿಗ್ರಿಗೆ (ಸಕ್ಕರೆಯ ಸಾಂದ್ರತೆಯ ಇನ್ನೊಂದು ಅಳತೆ) ಏಳೂವರೆ ಲಕ್ಷ ಜೀವಕೋಶಗಳು ಸಾಕೆನ್ನುತ್ತಾರೆ. ನಾನು ಹತ್ತು ಲಕ್ಷದ ಲೆಕ್ಕ ಹಿಡಿಯುತ್ತೇನೆ. ಅಂದರೆ 12 ಪ್ಲೇಟೋ ಸಾಂದ್ರತೆಯ 20 ಲೀಟರ್ ವರ್ಟ್‌ಗೆ (ಇನ್ನೂ ಹುದುಗದ ಮಾಲ್ಟ್ ರಸಕ್ಕೆ) 24,000 ಕೋಟಿ ಜೀವಕೋಶಗಳು ಬೇಕು, ದ್ರವ ಯೀಸ್ಟಾದರೆ ಸ್ಟಾರ್ಟರ್ ಮಾಡಿಯೇ, ಅಂದರೆ ಸ್ವಲ್ಪ ವರ್ಟಿನಲ್ಲಿ ಮೊದಲೇ ಹುದುಗಿಸಿ, ಅಷ್ಟನ್ನು ಬೆಳೆಸಿಕೊಳ್ಳಬೇಕು. ಎಸ್ಟರುಗಳು ಹೆಚ್ಚಾಗಿ ಹುಟ್ಟುವುದು ಯೀಸ್ಟ್ ಬೆಳೆಯುವ ಆರಂಭದ ಹಂತದಲ್ಲಿ. ಆದ್ದರಿಂದ ವರ್ಟನ್ನು 14 ಡಿಗ್ರಿಗೆ ಇಳಿಸಿ, ಗಾಳಿ ಚೆನ್ನಾಗಿ ಬೆರೆಸಿದ ನಂತರವೇ ಯೀಸ್ಟ್ ಹಾಕುತ್ತೇನೆ. ಬೆಚ್ಚಗಿರುವಾಗಲೇ ಹಾಕಿ ಆಮೇಲೆ ತಣಿಸುವ ಪದ್ಧತಿ ಈ ಬಿಯರಿಗೆ ಒಗ್ಗುವುದಿಲ್ಲ.

ಹುದುಗುವಿಕೆಯೇ ಶಾಖವನ್ನು ಹುಟ್ಟಿಸುವುದರಿಂದ ಕೋಣೆಯ ಉಷ್ಣಾಂಶವನ್ನು ನಂಬುವಂತಿಲ್ಲ. ಥರ್ಮಾಮೀಟರಿನ ತುದಿಯನ್ನು ಪಾತ್ರೆಯ ಹೊರಮೈಗೆ ಒತ್ತಿಟ್ಟು, ಮೇಲೆ ದಪ್ಪ ಸ್ಪಂಜು ಕಟ್ಟಿ, ಅಲ್ಲಿ 15ರಿಂದ 16 ಡಿಗ್ರಿ ಇರುವಂತೆ ನೋಡಿಕೊಳ್ಳುತ್ತೇನೆ. ಮೊದಲ ಕೆಲವು ದಿನ ಏರ್‌ಲಾಕಿನಿಂದ (ಅನಿಲವನ್ನು ಹೊರಗೆ ಮಾತ್ರ ಬಿಡುವ ಮುಚ್ಚಳದಿಂದ) ಕೊಳೆತ ಮೊಟ್ಟೆಯಂಥ ಗಂಧಕದ ವಾಸನೆ ಬಂದರೆ ಗಾಬರಿ ಬೇಡ, ಇಂಗಾಲದ ಡೈಆಕ್ಸೈಡಿನ ಜೊತೆ ಅದು ಬಹುಮಟ್ಟಿಗೆ ಹೊರಟುಹೋಗುತ್ತದೆ. ಇಳಿಯಬೇಕಾದ ಸಾಂದ್ರತೆಯಲ್ಲಿ ಮುಕ್ಕಾಲು ಪಾಲು ಇಳಿದಿರುವುದನ್ನು ಹೈಡ್ರೋಮೀಟರ್ ತೋರಿಸಿದ ಮೇಲೆ ಉಷ್ಣಾಂಶವನ್ನು ನಿಧಾನವಾಗಿ 18 ಡಿಗ್ರಿಗೆ ಏರಲು ಬಿಡುತ್ತೇನೆ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲನ್ನು ಯೀಸ್ಟ್ ಮರಳಿ ಹೀರಿಕೊಳ್ಳಲು ಈ ಬೆಚ್ಚನೆ ಬೇಕು.

ಸಾಂದ್ರತೆ ಸ್ಥಿರವಾಯಿತೆಂಬ ಒಂದೇ ಕಾರಣಕ್ಕೆ ನಾನು ಪಾತ್ರೆಯನ್ನು ತಣಿಸುವುದಿಲ್ಲ. ಎರಡು ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು ಬಾಯಿ ಮುಚ್ಚಿ, ಒಂದನ್ನು 60 ಡಿಗ್ರಿಗಿಂತ ತುಸು ಬಿಸಿಯಾದ ನೀರಿನಲ್ಲಿ 20 ನಿಮಿಷ ಇಟ್ಟು, ಆಮೇಲೆ ಎರಡೂ ಲೋಟಗಳು ಒಂದೇ ತಂಪಿಗೆ ಬಂದಾಗ ಮೂಸಿ ನೋಡುತ್ತೇನೆ. ಬಿಸಿ ಮಾಡಿದ ಲೋಟದಲ್ಲಿ ಬೆಣ್ಣೆಯ ವಾಸನೆ ಎದ್ದರೆ ಡೈಅಸಿಟೈಲ್ ಆಗಿ ಮಾರ್ಪಡಬಲ್ಲ ವಸ್ತು ಬಿಯರಿನಲ್ಲಿ ಇನ್ನೂ ಉಳಿದಿದೆ ಎಂದರ್ಥ. ಆಗ ಮತ್ತೆರಡು ದಿನ ಬಿಟ್ಟು ಪುನಃ ಪರೀಕ್ಷಿಸುತ್ತೇನೆ.

ಬಳಿಕ 0ಯಿಂದ 2 ಡಿಗ್ರಿಯಲ್ಲಿ ಮೂರು ನಾಲ್ಕು ವಾರಗಳ ವಿಶ್ರಾಂತಿ. ತೇಲುತ್ತಲೇ ಇರುವ ಯೀಸ್ಟ್ ಕೆಳಗಿಳಿಯುವುದು, ಬಿಯರ್ ತಿಳಿಯಾಗಿ ರುಚಿ ನಯವಾಗುವುದು ಈ ಅವಧಿಯಲ್ಲೇ. ಅವಸರವಿದ್ದರೆ ಬೇಗ ತಿಳಿಗೊಳಿಸಲು ಜೆಲಾಟಿನ್ ಬಳಸಬಹುದು. ನಾನಂತೂ ಕಾಯುವುದನ್ನೇ ಇಷ್ಟಪಡುತ್ತೇನೆ. ತಳದಲ್ಲಿ ಉಳಿದ ಯೀಸ್ಟನ್ನು ಶುದ್ಧ ಜಾಡಿಯಲ್ಲಿ ತಂಪಾಗಿಟ್ಟು, ಬೇಗನೆ ಆಲ್ಟ್ ತಯಾರಿಕೆಗೆ ಬಳಸುತ್ತೇನೆ. ಆಲ್ಟ್‌ನ ಬಣ್ಣ ಮತ್ತು ಕಹಿ ಎರಡೂ ಹೆಚ್ಚು, ಅದರ ತಳದ ಯೀಸ್ಟನ್ನು ತಿಳಿಬಣ್ಣದ ಕೋಲ್ಶ್‌ಗೆ ಹಾಕಿದರೆ ಆ ಕಹಿಯೂ ಜೊತೆಗೆ ಬರುತ್ತದೆ. ಹಾಗಾಗಿ ಮೊದಲು ಕೋಲ್ಶ್, ಆಮೇಲೆ ಆಲ್ಟ್ ಎಂಬ ಕ್ರಮವನ್ನು ನಾನು ತಪ್ಪಿಸುವುದಿಲ್ಲ.